ಹದ ಅಂದರೆ ಎಷ್ಟು?

(ಮೈಸೂರಿನ ಒಂದು ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಮಾತಾಡುವಾಗ ಹಿಂದೆಮುಂದೆ ಆದದ್ದನ್ನು ಬರೆಯುವಾಗ ಸ್ವಲ್ಪ ಸರಿಮಾಡಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಬಂದಿದ್ದೀರಿ, ಕರೆಂಟು ಬೇರೆ ಹೋಗಿದೆ. ನಿದ್ದೆ ಬಂದರೆ ನನಗೇನೂ ಬೇಜಾರಿಲ್ಲ. ಗೊರಕೆ ಮಾತ್ರ ಬೇಡ.

ಒಂದು ಪ್ರಶ್ನೆ ಕೇಳುತ್ತೇನೆ. ಇಡ್ಲಿಗೆ ಉದ್ದಿನಬೇಳೆ ರುಬ್ಬುತ್ತೀರಿ. ಎಷ್ಟು ರುಬ್ಬಬೇಕು?

ಮುಂದಿನ ಸಾಲಿನವರು "ನುಣ್ಣಗೆ" ಅಂದರು. ಹಿಂದಿನಿಂದ ಯಾರೋ "ಹದವಾಗಿ" ಅಂದರು. ಸರಿ. ಹದ ಅಂದರೆ ಎಷ್ಟು?

ನೋಡಿ, ಈಗ ಎಲ್ಲರೂ ಸುಮ್ಮನಾದಿರಿ. ನಾನೂ ಒಂದು ಕಾಲಕ್ಕೆ ಹೀಗೇ ಸುಮ್ಮನಾಗಿದ್ದೆ. ನಮ್ಮಜ್ಜಿಯನ್ನು ಇದೇ ಪ್ರಶ್ನೆ ಕೇಳಿದ್ದೆ. "ರುಬ್ಬುತ್ತಾ ರುಬ್ಬುತ್ತಾ ಗೊತ್ತಾಗುತ್ತೆ, ಹೋಗು" ಅಂದರು. ನಾನು ಬಿಡಲಿಲ್ಲ. ಆಗ ಒಂದು ಬಟ್ಟಲಿಗೆ ನೀರು ಹಾಕಿ, ಬೆರಳ ತುದಿಯಲ್ಲಿ ಒಂಚೂರು ಹಿಟ್ಟು ತೆಗೆದು ಅದರೊಳಗೆ ಬಿಟ್ಟರು. ಅದು ತೇಲಿತು. "ತೇಲಿತಾ? ಸಾಕು. ಮುಳುಗಿದರೆ ಇನ್ನೂ ರುಬ್ಬು."

ನಾನು ಇವತ್ತು ಹೇಳಬೇಕಾದ್ದು ಹೆಚ್ಚುಕಡಿಮೆ ಈ ಬಟ್ಟಲಿನ ವಿಷಯವೇ.

ನನ್ನ ಕೆಲಸ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವುದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂಜೆ ಮನೆಗೆ ಬಂದು, ಅಡುಗೆ ಮುಗಿದ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ವಿಕಿಹೌ ಎಂಬ ತಾಣದಲ್ಲಿ ಲೇಖನ ತಿದ್ದುತ್ತೇನೆ. ದುಡ್ಡು ಸಿಗುವುದಿಲ್ಲ. ನಮ್ಮನೆಯವರು ಮೊದಮೊದಲು ಇದನ್ನು ಒಂದು ಥರ ಕಾಯಿಲೆ ಅಂದುಕೊಂಡಿದ್ದರು.

ನೀವೆಲ್ಲ ಅದನ್ನು ನೋಡಿಯೇ ಇರುತ್ತೀರಿ. ಟೈ ಕಟ್ಟುವುದು ಹೇಗೆ, ಸೈಕಲ್ ಪಂಕ್ಚರ್ ಹಾಕುವುದು ಹೇಗೆ ಎಂದು ಗೂಗಲ್‌ನಲ್ಲಿ ಹುಡುಕಿದರೆ ಬರುತ್ತದಲ್ಲ, ಒಂದೊಂದು ಹೆಜ್ಜೆಗೆ ಒಂದೊಂದು ಚಿತ್ರ ಹಾಕಿರುವ ಪುಟ, ಅದೇ. ಆ ಚಿತ್ರಗಳನ್ನು ತೆಗೆದು ಮೀಮ್ ಮಾಡಿ ನಗುವುದೂ ನಿಮಗೆ ಗೊತ್ತು. ನಗಿ, ನಾವೂ ನಗುತ್ತೇವೆ. ಆದರೆ ಆ ಪುಟವನ್ನು ಯಾರು ಬರೆದರು ಎಂದು ಯಾವತ್ತಾದರೂ ಯೋಚಿಸಿದ್ದೀರಾ?

ಅದರ ಕಥೆ ಸ್ವಲ್ಪ ಚೆನ್ನಾಗಿದೆ. 1999ರಲ್ಲಿ ಅಮೆರಿಕದಲ್ಲಿ ಇಹೌ ಎಂಬ ಕಂಪನಿ ಶುರುವಾಯಿತು. ದುಡ್ಡು ಕೊಟ್ಟು "ಹೇಗೆ ಮಾಡುವುದು" ಲೇಖನಗಳನ್ನು ಬರೆಸುತ್ತಿತ್ತು. ಡಾಟ್‌ಕಾಮ್ ಗುಳ್ಳೆ ಒಡೆದು ಸಾಲುಸಾಲು ಇಂಟರ್ನೆಟ್ ಕಂಪನಿಗಳು ಮುಳುಗಿದಾಗ ಅದೂ ಮಲಗಿತು. 2004ರಲ್ಲಿ ಜ್ಯಾಕ್ ಹೆರಿಕ್ ಮತ್ತು ಜೋಶ್ ಹ್ಯಾನಾ ಎಂಬ ಇಬ್ಬರು ಅದನ್ನು ಕೊಂಡರು. ಹೆರಿಕ್ ತಲೆಯಲ್ಲಿದ್ದದ್ದು ಇನ್ನೊಂದು ಯೋಚನೆ. ಜಗತ್ತಿನ ಎಲ್ಲ ಕೆಲಸಕ್ಕೂ, ಎಲ್ಲ ಭಾಷೆಯಲ್ಲೂ ಒಂದು ಕೈಪಿಡಿ ಬೇಕು. ಸಂಬಳ ಕೊಟ್ಟು ಬರೆಸಿದರೆ ಅದು ಮುಗಿಯುವ ಮಾತಲ್ಲ. ಹಾಗಾಗಿ ಓದುಗರೇ ಬರೆಯಲಿ, ಓದುಗರೇ ತಿದ್ದಲಿ ಎಂದು 2005ರ ಜನವರಿ 15ಕ್ಕೆ ವಿಕಿಹೌ ಶುರುವಾಯಿತು. ಆ ತಾರೀಕು ವಿಕಿಪೀಡಿಯದ ಹುಟ್ಟುಹಬ್ಬ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಎಂಬ ತಂತ್ರಾಂಶವನ್ನೇ ಇವರೂ ತಮಗೆ ಬೇಕಾದಂತೆ ಬದಲಿಸಿಕೊಂಡರು. 2006ರಲ್ಲಿ ಇಹೌ ಅನ್ನು ಡಿಮ್ಯಾಂಡ್ ಮೀಡಿಯಾ ಎಂಬ ಕಂಪನಿಗೆ ಮಾರಿ, ವಿಕಿಹೌ ಅನ್ನು ಇಟ್ಟುಕೊಂಡರು. ಹೊಸ ಮಾಲೀಕರು ಇಹೌನಲ್ಲಿ ಲೇಖನಗಳನ್ನು ಕಾರ್ಖಾನೆಯ ಥರ ಸುರಿಸಿದರು. 2011ರಲ್ಲಿ ಗೂಗಲ್ ತನ್ನ ಹುಡುಕಾಟದಲ್ಲಿ ಪಾಂಡಾ ಎಂಬ ಬದಲಾವಣೆ ತಂದು ಅಂಥ ತಾಣಗಳನ್ನು ಕೆಳಕ್ಕೆ ತಳ್ಳಿತು. ಪುಕ್ಕಟೆ ಕೆಲಸ ಯಾವಾಗಲೂ ಕಳಪೆ ಅನ್ನುವವರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಇನ್ನು ನನ್ನ ಕಥೆ. ಮೊದಲ ದಿನ ಏನು ಮಾಡಿದೆ ಗೊತ್ತಾ? ಹೋದವಳೇ ಒಂದು ಹೊಸ ಲೇಖನ ಬರೆದೆ. ಎರಡು ಸಂಜೆ ಕೂತು ಬರೆದದ್ದು. ನಾಲ್ಕನೇ ದಿನ ನೋಡಿದರೆ ಲೇಖನದ ಮೇಲೆ ಒಂದು ಸೂಚನೆ ಕಾಣಿಸಿತು. ಇದೇ ವಿಷಯದ ಲೇಖನ ಬೇರೆ ಶೀರ್ಷಿಕೆಯಲ್ಲಿ ಆಗಲೇ ಇದೆ, ಇದನ್ನು ಅದಕ್ಕೆ ಸೇರಿಸಬೇಕು ಎಂದು. ತಪ್ಪು ನನ್ನದೇ. ಹುಡುಕಿ ನೋಡಿರಲಿಲ್ಲ. ಆದರೂ ಮೂತಿ ಊದಿಸಿಕೊಂಡು ಒಂದು ವಾರ ಆ ಕಡೆ ಹೋಗಲಿಲ್ಲ. ನೀವೂ ಹೀಗೆ ಮಾಡುತ್ತೀರಿ, ಬರೆದಿಟ್ಟುಕೊಳ್ಳಿ. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಹೊಸ ಲೇಖನವನ್ನೇ ಬರೆಯುವ ಆಸೆ. ಅಲ್ಲಿ ಬೇಕಾಗಿರುವುದು ಜಾಸ್ತಿ ರಿಪೇರಿ ಕೆಲಸ.

ಒಂದು ವಾರದ ನಂತರ ವಾಪಸ್ ಹೋದಾಗ ಇಡ್ಲಿ-ದೋಸೆ ಹಿಟ್ಟಿನ ಭಾಗ ಕಣ್ಣಿಗೆ ಬಿತ್ತು. ಹಿಟ್ಟು ಹುದುಗು ಬರಲು ರಾತ್ರಿಯಿಡೀ ಬಿಡಿ ಎಂದು ಬರೆದಿತ್ತು. ನನಗೆ ಅದು ಸರಿಯಾಗಿಯೇ ಕಂಡಿತು. ನಮ್ಮಮ್ಮನೂ ಹಾಗೇ ಹೇಳುವುದು. ಕೆಳಗೆ ಯಾರೋ ಒಂದು ಪ್ರಶ್ನೆ ಹಾಕಿದ್ದರು: ರಾತ್ರಿಯಿಡೀ ಬಿಟ್ಟೆ, ಇಟ್ಟದ್ದು ಇಟ್ಟ ಹಾಗೇ ಇದೆ, ಏನು ತಪ್ಪು ಮಾಡಿದೆ?

ಆ ಮನುಷ್ಯ ತಪ್ಪೇನೂ ಮಾಡಿರಲಿಲ್ಲ. ಅವನ ಊರಿನಲ್ಲಿ ಚಳಿ, ಅಷ್ಟೇ. ಮಂಗಳೂರಿನ ಏಪ್ರಿಲ್ ರಾತ್ರಿಯಲ್ಲಿ ಹಿಟ್ಟು ಪಾತ್ರೆಯಿಂದ ಹೊರಗೆ ಬಂದು ಕಟ್ಟೆಯ ಮೇಲೆ ನಡೆದಾಡುತ್ತದೆ. ಮಡಿಕೇರಿಯ ಜನವರಿಯಲ್ಲಿ ಮಾರನೇ ದಿನ ಮಧ್ಯಾಹ್ನವಾದರೂ ಅಲ್ಲಾಡುವುದಿಲ್ಲ. "ರಾತ್ರಿಯಿಡೀ" ಅನ್ನುವ ಮಾತಿನೊಳಗೆ ನಮ್ಮ ಊರಿನ ಸೆಕೆ ಅಡಗಿ ಕೂತಿದೆ. ನಮಗೆ ಅದು ಕಾಣುವುದಿಲ್ಲ, ಯಾಕೆಂದರೆ ನಾವು ಅದರೊಳಗೇ ಇದ್ದೇವೆ. ಅದೇ ಥರ "ಒಂದು ಲೋಟ". ಯಾರ ಮನೆಯ ಲೋಟ? ಕಾಫಿ ಲೋಟವಾ, ನೀರಿನ ಲೋಟವಾ? ಅಮೆರಿಕದವರ ಕಪ್ಪು ಅಂದರೆ ಸುಮಾರು 240 ಮಿಲಿಲೀಟರ್. ಅದು ಅವರಲ್ಲಿ ಗೊತ್ತಾದ ಅಳತೆ. ನಮ್ಮ ಕಪ್ಪು ಮನೆಗೊಂದು.

ಆಗ ಅಜ್ಜಿಯ ಬಟ್ಟಲು ನೆನಪಾಯಿತು. ಅಜ್ಜಿ ಇಷ್ಟು ನಿಮಿಷ ರುಬ್ಬು ಅನ್ನಲಿಲ್ಲ. ಹೀಗಾದಾಗ ನಿಲ್ಲಿಸು ಅಂದರು. ಯೋಚಿಸಿ, ನಮ್ಮ ಅಡುಗೆಮನೆಯ ಮಾತುಗಳೆಲ್ಲ ಹೀಗೇ ಇವೆ. ಬೆಲ್ಲದ ಪಾಕ ಎಷ್ಟು ಹೊತ್ತು ಕುದಿಯಬೇಕು? ಯಾರೂ ನಿಮಿಷ ಹೇಳುವುದಿಲ್ಲ. ಎರಡು ಬೆರಳ ನಡುವೆ ಎಳೆದರೆ ಎಳೆ ಬರಬೇಕು, ಅದು ಎಳೆ ಪಾಕ. ನೀರಿಗೆ ಬಿಟ್ಟು ಉರುಳಿಸಿದರೆ ಉಂಡೆ ಕಟ್ಟಬೇಕು, ಅದು ಉಂಡೆ ಪಾಕ. ಕಾವಲಿ ಕಾದಿದೆಯಾ? ನೀರು ಚಿಮುಕಿಸು, ಚುಂಯ್ ಅಂದರೆ ಕಾದಿದೆ. ಹದ ಅನ್ನುವುದು ಹೇಳಲು ಬರದ ಗುಟ್ಟು ಅಂದುಕೊಂಡಿರುತ್ತೇವೆ. ಸುಳ್ಳು. ಪ್ರತಿ ಹದಕ್ಕೂ ಒಂದು ಪರೀಕ್ಷೆ ಇದೆ. ಮಾಡುವವರಿಗೆ ಅದು ಎಷ್ಟು ರೂಢಿಯಾಗಿದೆ ಎಂದರೆ, ಕೇಳಿದರೂ ಥಟ್ಟನೆ ಬಾಯಿಗೆ ಬರುವುದಿಲ್ಲ. ಬರೆಯುವವರು ಪಕ್ಕದಲ್ಲಿ ಕೂತು, ಬೈಸಿಕೊಂಡು, ಅದನ್ನು ಹೊರಗೆ ತೆಗೆಯಬೇಕು.

ಹಾಗಾಗಿ ಆ ಸಾಲನ್ನು ಬದಲಿಸಿದೆ. ಹಿಟ್ಟು ಹೆಚ್ಚುಕಡಿಮೆ ಎರಡರಷ್ಟು ಉಬ್ಬಬೇಕು, ಸೌಟು ಹಾಕಿದರೆ ಒಳಗೆ ಸಣ್ಣ ಸಣ್ಣ ಗುಳ್ಳೆ ಕಾಣಬೇಕು, ಸ್ವಲ್ಪ ಹುಳಿ ವಾಸನೆ ಬರಬೇಕು, ಅಲ್ಲಿವರೆಗೆ ಬಿಡಿ. ಚಳಿಯಿದ್ದರೆ ಅವನ್, ಅಂದರೆ ಕೇಕು ಬೇಯಿಸುವ ಒಲೆಯ ಒಳಗಿಡಿ, ಅವನ್ ಹಚ್ಚಬೇಡಿ, ಒಳಗಿನ ದೀಪ ಮಾತ್ರ ಹಚ್ಚಿಡಿ ಎಂದು ಬರೆದೆ. ಎರಡೇ ದಿನಕ್ಕೆ ಇನ್ನೊಬ್ಬರು ಬಂದು ಕೆಳಗೆ ಒಂದು ಸಾಲು ಸೇರಿಸಿದರು: ಅವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ನಾನು ಜೋರಾಗಿ ನಕ್ಕೆ. ಮನೆಯ ಇನ್ಯಾರೋ ಬಂದು ಒಳಗೆ ನೋಡದೆ ಅವನ್ ಕಾಯಿಸಿರುತ್ತಾರೆ, ಅಲ್ವಾ? ಪಾತ್ರೆ ಸಮೇತ ಹಿಟ್ಟು ಬೆಂದುಹೋದ ಅನುಭವ ಇಲ್ಲದೆ ಆ ಸಾಲು ಹುಟ್ಟುವುದಿಲ್ಲ. ಯಾವ ದೇಶದವರೋ, ಹೆಸರೇನೋ. ಆ ಚೀಟಿಯ ಸಾಲಿಗೋಸ್ಕರ ನಾನು ಅಲ್ಲೇ ಉಳಿದುಕೊಂಡೆ ಅಂದರೂ ನಡೆಯುತ್ತದೆ.

ಬರೆಯುವ ಕ್ರಮ ಕಲಿಯಲು ಕಷ್ಟವಿಲ್ಲ. ಪ್ರತಿ ಹೆಜ್ಜೆಯೂ ಕ್ರಿಯಾಪದದಿಂದ ಶುರು: ತೊಳೆಯಿರಿ, ಕತ್ತರಿಸಿ, ತಿರುಗಿಸಿ. ಒಂದೇ ಕೆಲಸಕ್ಕೆ ಬೇರೆ ಬೇರೆ ದಾರಿ ಇದ್ದರೆ ಅವು "ವಿಧಾನ"ಗಳು. ಒಂದರ ನಂತರ ಇನ್ನೊಂದು ಮಾಡಲೇಬೇಕಾದರೆ ಅವು "ಭಾಗ"ಗಳು. ಕೊನೆಗೆ ಸಲಹೆ, ಎಚ್ಚರಿಕೆ, ಬೇಕಾಗುವ ಸಾಮಾನು. ಇವನ್ನೆಲ್ಲ ಒಂದು ಸಂಜೆಯಲ್ಲಿ ಕಲಿಯಬಹುದು.

ಎಚ್ಚರಿಕೆಯ ಬಗ್ಗೆ ಮಾತ್ರ ನನ್ನದೊಂದು ಹಟ ಇದೆ. ಎಚ್ಚರಿಕೆಗಳನ್ನೆಲ್ಲ ಕೊನೆಗೆ ಗುಡ್ಡೆ ಹಾಕಿದರೆ ಸಾಲದು. ನಮ್ಮ ಮನೆಗಳಲ್ಲಿ ಬಚ್ಚಲು ತೊಳೆಯಲು ಬ್ಲೀಚಿಂಗ್ ಪೌಡರ್ ಇರುತ್ತದೆ. ಪಕ್ಕದಲ್ಲೇ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಾಟಲಿ. ಎರಡೂ ಹಾಕಿದರೆ ಜಾಸ್ತಿ ಬೆಳ್ಳಗಾಗುತ್ತದೆ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಈಗ ಲೇಖನದಲ್ಲಿ ಮೂರನೇ ಹೆಜ್ಜೆ "ಬ್ಲೀಚಿಂಗ್ ಪೌಡರ್ ಉದುರಿಸಿ" ಎಂದಿದೆ, ಎಚ್ಚರಿಕೆ ಇರುವುದು ಹತ್ತು ಹೆಜ್ಜೆ ದಾಟಿದ ಮೇಲೆ ಅಂದುಕೊಳ್ಳಿ. ಓದುವವರು ಬಚ್ಚಲಿನಲ್ಲಿ ನಿಂತು, ಒದ್ದೆ ಕೈಯಲ್ಲಿ ಫೋನ್ ಹಿಡಿದು ಓದುತ್ತಿದ್ದಾರೆ. ಒಂದು ಹೆಜ್ಜೆ ಓದುತ್ತಾರೆ, ಮಾಡುತ್ತಾರೆ. ಕೊನೆಯವರೆಗೆ ಓದಿ ಆಮೇಲೆ ಶುರು ಮಾಡುವವರು ಭೂಮಿ ಮೇಲೆ ಇಲ್ಲ. ನಾನೂ ಹಾಗೆ ಮಾಡುವುದಿಲ್ಲ. ಅದಕ್ಕೇ ಎಚ್ಚರಿಕೆ ಆ ಹೆಜ್ಜೆಯ ಬಾಗಿಲಲ್ಲೇ ನಿಂತಿರಬೇಕು, ಕೈ ಡಬ್ಬಕ್ಕೆ ಹೋಗುವ ಮೊದಲು.

ಇನ್ನು ಗಸ್ತು. ಯಾರು ಬೇಕಾದರೂ ತಿದ್ದಬಹುದು ಅಂದಮೇಲೆ ಯಾರು ಬೇಕಾದರೂ ಕೆಡಿಸಬಹುದು. ಹೊಸ ಬದಲಾವಣೆಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ಸ್ವಯಂಸೇವಕರು ಕೂತು ಒಂದೊಂದನ್ನೇ ನೋಡಿ ಸರಿ, ತಪ್ಪು ಎಂದು ಹೇಳಬೇಕು. ಎಡಗಡೆ ಹಳೆಯದು, ಬಲಗಡೆ ಹೊಸದು. ಬದಲಾದ ಪದಕ್ಕೆ ಬಣ್ಣ ಬಳಿದಿರುತ್ತದೆ. ನಮ್ಮಲ್ಲಿ ಹೆಂಗಸರು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಾರಲ್ಲ, ನನಗೆ ಯಾವಾಗಲೂ ಅದೇ ನೆನಪಾಗುವುದು. ಕೈ ತಾನಾಗಿ ಓಡುತ್ತಿರುತ್ತದೆ, ಕಣ್ಣು ಮಾತ್ರ ಎಚ್ಚರ.

ಒಂದು ಸಂಜೆಯ ಕೆಲಸ ಹೇಳುತ್ತೇನೆ. ಯಾರೋ ಸ್ನೇಹಿತನ ಹೆಸರು ಹಾಕಿ, ಇವನು ಕತ್ತೆ ಎಂದು ಬರೆದಿದ್ದರು. ತೆಗೆದೆ. ಇನ್ನೊಬ್ಬರು ಸಲಹೆಗಳ ಕೆಳಗೆ "ಹುಷಾರಾಗಿರಿ" ಎಂದು ಸೇರಿಸಿದ್ದರು. ಯಾವುದಕ್ಕೆ ಹುಷಾರು? ತೆಗೆದೆ. ಯಾರೋ ಅಲ್ಪವಿರಾಮ ಸರಿ ಮಾಡಿದ್ದರು, ಅವರಿಗೊಂದು ಥ್ಯಾಂಕ್ಸ್ ಕಳಿಸಿದೆ. ಆಮೇಲೆ ಬಂತು ನೋಡಿ, ಬ್ರೆಡ್ಡಿನ ಲೇಖನದಲ್ಲಿ ಒಂದು ಟೀ ಚಮಚ ಉಪ್ಪು ಇದ್ದದ್ದು ಒಂದು ಟೇಬಲ್ ಚಮಚ ಆಗಿತ್ತು. ಬಯ್ಗುಳವನ್ನು ಯಾರು ಬೇಕಾದರೂ ಹಿಡಿಯುತ್ತಾರೆ. ಇದು ಹಾಗಲ್ಲ. ನೋಡಲು ಸಭ್ಯವಾಗಿದೆ, ಕಾಗುಣಿತ ಸರಿಯಿದೆ, ಉಪ್ಪು ಮಾತ್ರ ಮೂರು ಪಟ್ಟಾಗಿದೆ. ಕೆಡಿಸಬೇಕು ಎಂದೇ ಮಾಡಿದರೋ, ಅವರ ಮನೆಯವರಿಗೆ ಉಪ್ಪು ಜಾಸ್ತಿ ಬೇಕೋ, ಹೇಗೆ ಹೇಳುವುದು? ಅಂಕಿ ಬದಲಾದರೆ ನಿಲ್ಲಬೇಕು. ಬೇರೆ ಕಡೆ ಅದೇ ಅಡುಗೆಗೆ ಎಷ್ಟು ಹೇಳಿದ್ದಾರೆ ನೋಡಬೇಕು. ಆಗಲೂ ಗೊತ್ತಾಗದಿದ್ದರೆ ಬಿಟ್ಟು ಮುಂದಕ್ಕೆ ಹೋಗಬೇಕು, ಗೊತ್ತಿರುವವರು ಹಿಂದೆ ಬರುತ್ತಿರುತ್ತಾರೆ.

ಈ ಬುದ್ಧಿ ನನಗೆ ಬಂದದ್ದು ಒಂದು ತಪ್ಪಿನಿಂದ. ಒಮ್ಮೆ ಅನ್ನ ಮಾಡುವ ಲೇಖನದಲ್ಲಿ ಒಬ್ಬ ಹೊಸಬರು ಒಂದು ಕಡೆ ನೀರಿನ ಅಳತೆ ಏರಿಸಿದ್ದರು. ಅನ್ನ ಮಾಡುವುದನ್ನು ನನಗೆ ಹೇಳಿಕೊಡಲು ಬಂದಿದ್ದಾರೆ ಅನ್ನುವ ಗತ್ತು ನನಗೆ. ಓದದೇ ವಾಪಸ್ ತಿರುಗಿಸಿದೆ. ಅವರು ನನ್ನ ಮಾತಿನ ಪುಟಕ್ಕೆ, ಅಂದರೆ ನನಗೆ ಸಂದೇಶ ಬರೆಯುವ ಪುಟಕ್ಕೆ ಬಂದು, ತುಂಬಾ ಮರ್ಯಾದೆಯಿಂದ, ಆ ಭಾಗ ಪಾಲಿಶ್ ಮಾಡದ ಕಂದು ಅಕ್ಕಿಯದ್ದು, ಅದಕ್ಕೆ ನೀರು ಜಾಸ್ತಿ ಬೇಕಲ್ಲವೇ ಎಂದು ಕೇಳಿದರು. ಹೋಗಿ ನೋಡಿದರೆ ಹೌದು, ಉಪಶೀರ್ಷಿಕೆಯಲ್ಲೇ ಇದೆ. ನಾಚಿಕೆಯಾಯಿತು. ಕ್ಷಮೆ ಕೇಳಿ ಅವರ ಸಾಲನ್ನು ಮತ್ತೆ ಹಾಕಿದೆ. ಅವರು ಆಮೇಲೆ ಒಂದೆರಡು ಸಲ ಬಂದರು, ಮತ್ತೆ ಕಾಣಲಿಲ್ಲ. ನನ್ನಿಂದಲೇ ಹೋದರೋ ಏನೋ. ತಿರುಗಿಸುವ ಬಟನ್ ಒತ್ತುವುದು ತುಂಬಾ ಸುಲಭ. ಅದೇ ಅದರ ತೊಂದರೆ.

ಅಡುಗೆ, ಬಚ್ಚಲು ಸಾಕು. ಇಲ್ಲಿರುವ ಹುಡುಗರಲ್ಲಿ ಸ್ಕ್ರೂಡ್ರೈವರ್ ಹಿಡಿಯುವವರು ಎಷ್ಟು ಜನ? ಪರವಾಗಿಲ್ಲ, ಹುಡುಗಿಯರೂ ಕೈ ಎತ್ತಿದ್ದೀರಿ. ನಿಮಗೆ ಐಫಿಕ್ಸಿಟ್ ಎಂಬ ರಿಪೇರಿ ಕೈಪಿಡಿಗಳ ತಾಣ ಇದೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಎಂಬ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಇಬ್ಬರು ಹುಡುಗರು, ಕೈಲ್ ವೀನ್ಸ್ ಮತ್ತು ಲ್ಯೂಕ್ ಸೋಲ್ಸ್, ಒಂದು ಹಳೆಯ ಐಬುಕ್, ಅಂದರೆ ಆ್ಯಪಲ್ ಲ್ಯಾಪ್‌ಟಾಪ್ ರಿಪೇರಿಗೆ ಕೂತರು. ಹೇಗೆ ಬಿಚ್ಚುವುದು ಎಂದು ಹೇಳುವ ಪುಸ್ತಕ ಎಲ್ಲೂ ಸಿಗಲಿಲ್ಲ. ತಾವೇ ಬಿಚ್ಚಿ, ಬರೆದಿಟ್ಟು, ಬಿಡಿಭಾಗ ಮಾರುವ ಅಂಗಡಿ ತೆರೆದರು. ಕೈಪಿಡಿ ಮಾತ್ರ ಎಲ್ಲರಿಗೂ ಪುಕ್ಕಟೆ, ತಿದ್ದಲೂಬಹುದು.

ಅಲ್ಲಿಯ ಒಂದು ಉಪಾಯ ನನಗೆ ತುಂಬಾ ಇಷ್ಟ. ಫೋನಿನ ಒಳಗೆ ಹತ್ತಾರು ಸ್ಕ್ರೂ. ನೋಡಲು ಎಲ್ಲ ಒಂದೇ ಥರ, ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಒಂದು 1.2 ಮಿಲಿಮೀಟರ್, ಪಕ್ಕದ್ದು 1.6 ಇರಬಹುದು. ಚಿಕ್ಕದರ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಅದು ಬೋರ್ಡಿನೊಳಗೆ ಇಳಿದು ಫೋನನ್ನೇ ಮುಗಿಸಬಹುದು. ಇದನ್ನು ಬರೀ ಮಾತಿನಲ್ಲಿ ಹೇಗೆ ಹೇಳುತ್ತೀರಿ? ಅವರು ಫೋಟೋದಲ್ಲಿ ಒಂದೊಂದು ಉದ್ದದ ಸ್ಕ್ರೂಗೆ ಒಂದೊಂದು ಬಣ್ಣದ ಸುತ್ತು ಹಾಕುತ್ತಾರೆ. ಪಕ್ಕದ ಸಾಲಿನ ಚುಕ್ಕೆಗೂ ಅದೇ ಬಣ್ಣ. ಕೆಂಪು ಸುತ್ತು ಇದ್ದರೆ ಕೆಂಪು ಚುಕ್ಕೆಯ ಸಾಲು ಓದಿ. ಇಂಗ್ಲಿಷ್ ಅಷ್ಟಾಗಿ ಬರದವರಿಗೂ ಅರ್ಥವಾಗುತ್ತದೆ. ನಾನು ನನ್ನ ಹಳೆಯ ಫೋನಿನ ಬ್ಯಾಟರಿ ಬದಲಿಸಿದ್ದು ಇದನ್ನು ನೋಡಿಕೊಂಡೇ. ಬಿಳಿ ಹಾಳೆಯಲ್ಲಿ ಫೋನಿನ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿಕೊಂಡೆ. ಒಂದು ಸ್ಕ್ರೂ ಉಳಿದುಹೋಯಿತು. ಫೋನು ನಡೆಯುತ್ತಿದೆ. ಅದರ ಬಗ್ಗೆ ಜಾಸ್ತಿ ಕೇಳಬೇಡಿ.

ಇದೆಲ್ಲ ಆಟ ಅನ್ನಿಸಬಹುದು. 2020ರ ಕೋವಿಡ್ ಸಮಯದಲ್ಲಿ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಕೆಟ್ಟರೆ ರಿಪೇರಿಗೆ ಕೈಪಿಡಿ ಸುಲಭವಾಗಿ ಸಿಗುತ್ತಿರಲಿಲ್ಲ. ಆಗ ಇದೇ ಐಫಿಕ್ಸಿಟ್ ವೈದ್ಯಕೀಯ ಯಂತ್ರಗಳ ಕೈಪಿಡಿಗಳನ್ನು ಒಂದು ಕಡೆ ಸೇರಿಸಿತು. ಜೋಡಿಸಿ, ಹೆಸರಿಟ್ಟು, ಹುಡುಕಲು ಬರುವಂತೆ ಮಾಡಿದವರಲ್ಲಿ ತುಂಬಾ ಜನ ಲೈಬ್ರರಿ ಮುಚ್ಚಿ ಮನೆಯಲ್ಲಿ ಕೂತಿದ್ದ ಗ್ರಂಥಪಾಲಕರು. 13,000ಕ್ಕೂ ಹೆಚ್ಚು ಕೈಪಿಡಿಗಳು. ವೆಂಟಿಲೇಟರ್ ಬಿಚ್ಚುವುದು ಗ್ರಂಥಪಾಲಕರ ಕೆಲಸವಲ್ಲ. ವಿಷಯ ಗೊತ್ತಿಲ್ಲದವರಿಗೂ ಇಲ್ಲಿ ಕೆಲಸ ಇದೆ ಅನ್ನುವುದಕ್ಕೆ ಹೇಳಿದೆ.

ಪ್ರಶ್ನೆಗಳಿಗೆ ಬರೋಣ.

"ಮೇಡಂ, ವಿಕಿಹೌ ಒಂದು ಕಂಪನಿ. ಜಾಹೀರಾತಿನಿಂದ ದುಡ್ಡು ಮಾಡುತ್ತದೆ. ನೀವು ಯಾಕೆ ಪುಕ್ಕಟೆ ದುಡಿಯಬೇಕು?"

ಒಳ್ಳೆಯ ಪ್ರಶ್ನೆ, ನನ್ನ ಗಂಡನೂ ಕೇಳುತ್ತಾರೆ. ಅದು ಲಾಭದ ಕಂಪನಿ ಅನ್ನುವುದು ನಿಜ. ಆದರೆ ಬರೆದದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುತ್ತದೆ. ಮೂಲ ಎಲ್ಲಿಂದ ಎಂದು ಹೇಳಿ, ಮಾರಾಟ ಮಾಡದೆ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಎತ್ತಿಕೊಂಡು ಹೋಗಿ ಹಂಚಬಹುದು, ಬದಲಿಸಬಹುದು. ನಾಳೆ ಕಂಪನಿ ಹಾಳಾದರೂ ಬರೆದದ್ದಕ್ಕೆ ಬೀಗ ಬೀಳುವುದಿಲ್ಲ. ನನಗೆ ಅಷ್ಟು ಸಾಕು. ನಿಮಗೆ ಸಾಲದಿದ್ದರೆ ಅದೂ ನ್ಯಾಯವೇ. ವಿಕಿಪೀಡಿಯಕ್ಕೆ ಹೋಗಿ, ಅದು ಲಾಭದ್ದಲ್ಲ. ಆದರೆ ಅಲ್ಲಿ "ಹೇಗೆ ಮಾಡುವುದು" ಬರೆಯುವ ಹಾಗಿಲ್ಲ. ವಿಶ್ವಕೋಶ ಕೈಪಿಡಿಯಲ್ಲ ಅನ್ನುವುದು ಅಲ್ಲಿಯ ನಿಯಮ. ಇಡ್ಲಿಯ ಇತಿಹಾಸ ಬರೆಯಬಹುದು, ಇಡ್ಲಿ ಬೇಯಿಸುವ ಹಾಗಿಲ್ಲ.

"ಕನ್ನಡದಲ್ಲಿ ಬರೆಯಬಹುದಾ?"

ಹಿಂದಿಯಲ್ಲಿ ವಿಕಿಹೌ ಇದೆ. ಕನ್ನಡದಲ್ಲಿ ಇಲ್ಲ. ನಾನು ಬರೆಯುವುದು ಇಂಗ್ಲಿಷಿನಲ್ಲೇ, ಅದೂ ಕನ್ನಡ ಮೀಡಿಯಂ ಇಂಗ್ಲಿಷ್. ವ್ಯಾಕರಣ ತಪ್ಪಿದರೆ ಯಾರೋ ಬಂದು ಸರಿ ಮಾಡುತ್ತಾರೆ, ಯಾರೂ ನಕ್ಕಿಲ್ಲ. ಆದರೆ ಆ ಪರವಾನಗಿ ಹೇಳಿದೆನಲ್ಲ, ಅದರ ಪ್ರಕಾರ ಒಂದು ಲೇಖನವನ್ನು ಕನ್ನಡಕ್ಕೆ ತಂದು, ಮೂಲದ ಹೆಸರು ಹಾಕಿ, ದುಡ್ಡಿಗಲ್ಲದೆ ನೀವು ಹಂಚಬಹುದು. ಬಚ್ಚಲು ತೊಳೆಯುವ ಲೇಖನವನ್ನು ನಾನು ಹಾಗೆ ಕನ್ನಡಕ್ಕೆ ತಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವ ಹೆಂಗಸರಿಗೆ ಕೊಟ್ಟೆ. ಇಬ್ಬರು ಓದಿದರು. ಒಬ್ಬರು ಓದಿ, "ಇದರಲ್ಲಿ ಮೊದಲು ಕಿಟಕಿ ತೆಗೀಬೇಕು ಅಂತ ಬರ್ದೇ ಇಲ್ವಲ್ಲಮ್ಮ" ಅಂದರು. ಮನೆಗೆ ಬಂದು ಅದನ್ನು ಎರಡೂ ಕಡೆ ಸೇರಿಸಿದೆ.

"ಈಗ ಎಐ ಇದೆಯಲ್ಲ, ಕೇಳಿದರೆ ಹೇಳುತ್ತದೆ. ಇನ್ನೂ ಯಾಕೆ ಬರೆಯಬೇಕು?"

ಅದು ಚೆನ್ನಾಗಿಯೇ ಹೇಳುತ್ತದೆ, ನಾನೂ ಕೇಳುತ್ತೇನೆ. ಆದರೆ ಅದು ಕಲಿತದ್ದು ಇಂಥ ಬರಹಗಳಿಂದಲೇ. ಅವನ್ ಬಾಗಿಲಿಗೆ ಚೀಟಿ ಅಂಟಿಸಿ ಅನ್ನುವ ಸಾಲನ್ನು ಮೊದಲು ಯಾರೋ ಒಬ್ಬರು ಹಿಟ್ಟು ಸುಟ್ಟುಕೊಂಡೇ ಬರೆಯಬೇಕಾಯಿತು.

"ಮೇಡಂ, ನೀವು ಬರೆದ ಆ ಇಡ್ಲಿ ಹಿಟ್ಟಿನ ಭಾಗ ಈಗಲೂ ಇದೆಯಾ?"

ಮೊನ್ನೆ ತಾನೇ ನೋಡಿದೆ. ನನ್ನ ಸಾಲುಗಳಲ್ಲಿ ಉಳಿದಿರುವುದು ಎರಡೇ. ಉಳಿದದ್ದನ್ನೆಲ್ಲ ಬೇರೆಯವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ಬಟ್ಟಲಿನ ನೀರಿಗೆ ಹಿಟ್ಟು ಬಿಡುವ ಸಾಲನ್ನು ಮಾತ್ರ ಯಾರೂ ಮುಟ್ಟಿಲ್ಲ. ಅದರ ಪಕ್ಕದಲ್ಲಿ ಯಾರೋ ಹೊಸದಾಗಿ ಸೇರಿಸಿದ್ದಾರೆ: ಬೆರಳಿನಿಂದ ಬಿಡುವ ಮೊದಲು ಬೆರಳು ಒದ್ದೆ ಮಾಡಿಕೊಳ್ಳಿ, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ. ನಮ್ಮಜ್ಜಿಯೂ ಅವತ್ತು ಬೆರಳು ಒದ್ದೆ ಮಾಡಿಕೊಂಡಿದ್ದರು. ನಾನು ನೋಡಿದ್ದೆ, ಬರೆದಿರಲಿಲ್ಲ.